ಸೋಮವಾರದವರು, ಮಂಗಳವಾರದವರು

ನಮ್ಮೂರಿನ ಟ್ರಾಮಿನ ಚರಿತ್ರೆ ಅಂತ ಈಚೆಗೆ ಒಂದು ತೆಳ್ಳನೆಯ ಪುಸ್ತಕ ಬಂದಿದೆ. ಹಳಿಯ ಅಗಲ ಎರಡೂವರೆ ಅಡಿ, ದಾರಿ ಹದಿನಾಲ್ಕು ಮೈಲಿ, ಎಂಜಿನ್ನು ಎರಡು, ಡಬ್ಬಿ ಐದು, ಪ್ರಯಾಣ ಎರಡು ಗಂಟೆ ಹತ್ತು ನಿಮಿಷ. ಎಲ್ಲ ಸರಿಯಾಗಿದೆ, ಒಂದಂಕಿಯೂ ತಪ್ಪಿಲ್ಲ. ಬರೆದ ಪುಣ್ಯಾತ್ಮರು ನಮ್ಮ ಮನೆಗೂ ಬಂದು ಎರಡು ಲೋಟ ಮಜ್ಜಿಗೆ ಕುಡಿದು ಹೋಗಿದ್ದರು. ಗಾಡಿ ಸೌದೆಯಿಂದ ಓಡುತ್ತಿತ್ತೋ ಕಲ್ಲಿದ್ದಲಿನಿಂದಲೋ ಎಂದು ಕೇಳಿದರು. ಸೌದೆ ಅಂದೆ. ಯಾಕೆ ನಿಲ್ಲುತ್ತಿತ್ತು ಎಂದು ಕೇಳಲಿಲ್ಲ. ಕೇಳದೇ ಇದ್ದದ್ದನ್ನು ಮೇಲೆ ಬಿದ್ದು ಹೇಳುವ ಚಪಲ ಅವತ್ತು ನನಗೆ ಇರಲಿಲ್ಲ. ಪುಸ್ತಕ ಓದಿದ ಮೇಲೆ ಬಂದಿದೆ. ಇಪ್ಪತ್ತಾರು ವರ್ಷ ಆ ಗಾಡಿಗೆ ಗಾರ್ಡ್ ಆಗಿದ್ದವನು ನಾನು. ಹೆಸರು ಜುಂಜಣ್ಣ.

ಮಾತು ಬಿಟ್ಟ ಇಬ್ಬರು ಒಂದೇ ಗಾಡಿಯಲ್ಲಿ ಕೂತರೆ ನಮ್ಮ ಟ್ರಾಮು ಚಲಿಸುತ್ತಿರಲಿಲ್ಲ. ವಿಷಯ ಇಷ್ಟೇ. ನಮ್ಮಜ್ಜನ ಕಾಲದಲ್ಲಿ ಹಳಿ ಹಾಕಿ, ಮಾವಿನ ತೋರಣ ಕಟ್ಟಿ, ಮೊದಲ ಆರು ದಿನ ಗಾಡಿ ಚೆನ್ನಾಗಿಯೇ ಓಡಿತಂತೆ. ಏಳನೆಯ ದಿನ ಆವಿ ತುಂಬಿ ಎಂಜಿನ್ನು ಬುಸುಗುಟ್ಟಿದರೂ ಗಾಲಿ ತಿರುಗಲಿಲ್ಲ. ಕಂಪನಿಯ ಎಂಜಿನಿಯರು ಅಂಗಿ ಬಿಚ್ಚಿ ಬಾಯ್ಲರಿನೊಳಗೆ ಮೂರು ಸಲ ತಲೆ ತೂರಿಸಿ ಮಸಿ ಬಳಿದುಕೊಂಡರು. ಕೊನೆಗೆ ಹೇಳಿದವನು ಕ್ಷೌರದ ಹನುಮಯ್ಯ. ಊರಿನಲ್ಲಿ ಯಾರಿಗೆ ಯಾರ ಜೊತೆ ಮಾತಿಲ್ಲ ಅನ್ನುವುದು ಕ್ಷೌರಿಕನಿಗೆ ಗೊತ್ತಿರುವಷ್ಟು ದೇವರಿಗೂ ಗೊತ್ತಿರುವುದಿಲ್ಲ. ‘ಸ್ವಾಮಿ, ಗಾಣದ ಮರಿಯಪ್ಪಂಗೂ ಕುರಿ ಕಾಳಣ್ಣಂಗೂ ಮಾತಿಲ್ಲ, ಇಬ್ರೂ ಒಳಗೆ ಕೂತವ್ರೆ. ಒಬ್ಬರನ್ನ ಇಳ್ಸಿ ನೋಡಿ’ ಅಂದನಂತೆ. ಕಾಳಣ್ಣನನ್ನು ಇಳಿಸಿದರು, ಗಾಲಿ ತಿರುಗಿತು. ಹತ್ತಿಸಿದರು, ನಿಂತಿತು. ಆಮೇಲೆ ಊರ ಹಿರಿಯರು ಇಬ್ಬರ ಕೈಗೂ ಎಲೆ ಅಡಿಕೆ ಕೊಟ್ಟು ಬದಲಾಯಿಸಿಕೊಳ್ಳಲು ಹೇಳಿ, ಇಬ್ಬರ ಬಾಯಲ್ಲೂ ‘ತಪ್ಪಾಯ್ತು’ ಅನ್ನಿಸಿದರು. ಗಾಡಿ ಹೊರಟಿತು. ಅವತ್ತಿನಿಂದ ಅದೇ ನಿಯಮವಾಯಿತು. ಎಲೆ ಅಡಿಕೆ, ಎರಡೂ ಕಡೆಯಿಂದ ತಪ್ಪಾಯ್ತು, ಇಲ್ಲವೇ ಒಬ್ಬರು ಇಳಿಯಬೇಕು. ಕಂಪನಿಯವರು ಅದನ್ನು ತಗಡಿನ ಮೇಲೆ ಬರೆಸಿ, ಬೀಡಿ ಸೇದಬಾರದು ಅನ್ನುವ ಬೋರ್ಡಿನ ಕೆಳಗೆ ಮೊಳೆ ಹೊಡೆದರು.

ತಪ್ಪಾಯ್ತು ಅನ್ನುವುದು ನಮ್ಮ ಊರಿನವರ ಬಾಯಿಗೆ ಸುಲಭವಾಗಿ ಬರುವ ಮಾತಲ್ಲ. ಅದಕ್ಕಿಂತ ದಿನ ಬೇರೆ ಮಾಡಿಕೊಳ್ಳುವುದೇ ಸಲೀಸು ಅಂತ ಜನರಿಗೆ ಬೇಗ ಹೊಳೆಯಿತು. ಸೋಮವಾರ, ಬುಧವಾರ, ಶುಕ್ರವಾರ ಹತ್ತುವವರು ಸೋಮವಾರದವರು. ಉಳಿದ ಮೂರು ದಿನ ಹತ್ತುವವರು ಮಂಗಳವಾರದವರು. ಭಾನುವಾರ ಬಾಯ್ಲರ್ ತೊಳೆಯುವ ದಿನ. ನಾನು ಹುಟ್ಟುವ ಹೊತ್ತಿಗೆ ಊರು ಹೀಗೆ ಎರಡು ಪಾಲಾಗಿ ಹೋಗಿತ್ತು. ಹೆಣ್ಣು ನೋಡಲು ಬಂದವರು ಕುಲ ಗೋತ್ರ ಕೇಳಿದ ಮೇಲೆ, ‘ನಿಮ್ದು ಯಾವ ದಿನ?’ ಅಂತ ಕೇಳುತ್ತಿದ್ದರು. ಗಂಡ ಹೆಂಡತಿ ಮುನಿಸಿಕೊಂಡರೆ ‘ದಿನ ಬೇರೆ ಆಗೈತಂತೆ’ ಅನ್ನುತ್ತಿದ್ದರು. ಸುಣ್ಣದ ಗೂಡಿನ ಕಂಬಣ್ಣನಿಗೆ ಎರಡೂ ದಿನದವರಲ್ಲಿ ಹಗೆಗಳಿದ್ದರು. ಅವನು ಇಪ್ಪತ್ತು ವರ್ಷ ಹದಿನಾಲ್ಕು ಮೈಲಿ ನಡೆದೇ ಹೋಗಿ ಬಂದ, ಎಲ್ಲರಿಗಿಂತ ಗಟ್ಟಿಯಾಗಿ ಬಾಳಿದ.

ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಮಾತು ಬಿಟ್ಟ ಮೇಲೆ ನಮ್ಮವರು ಬಯ್ಯುವುದನ್ನೂ ಬಿಡುತ್ತಿದ್ದರು. ಮೊದಲು ಬಾಯಿ ತೆರೆದವರು ಸೋತಂತೆ, ಅದು ಬಯ್ಗುಳವಾದರೂ ಸರಿ. ತಡೆಯಲಾಗದಷ್ಟು ಸಿಟ್ಟು ಬಂದರೆ ಕೋಳಿಗೆ ಬಯ್ಯಬೇಕು, ಗೋಡೆಗೆ ಬಯ್ಯಬೇಕು, ಇಲ್ಲವೇ ಮೂರನೆಯವರ ಮೂಲಕ ಹೇಳಿ ಕಳಿಸಬೇಕು. ಎದುರಿಗಿದ್ದವರ ಮುಖ ನೋಡಿ ‘ನೀನು’ ಅನ್ನುವ ಹಾಗಿಲ್ಲ. ನಮ್ಮ ಊರಿನ ಕೋಳಿಗಳು ಕೇಳಿದಷ್ಟು ಬಯ್ಗುಳವನ್ನು ಬೇರೆ ಯಾವ ಊರಿನ ಕೋಳಿಯೂ ಕೇಳಿರಲಾರದು.

ಹೀಗಾಗಿ ಗಾರ್ಡ್ ಕೆಲಸವೆಂದರೆ ಬಾವುಟ ತೋರಿಸುವುದು ಮಾತ್ರ ಆಗಿರಲಿಲ್ಲ. ಯಾರಿಗೆ ಯಾರ ಜೊತೆ ಮಾತಿಲ್ಲ ಅನ್ನುವುದನ್ನು ಸ್ಲೇಟಿನ ಮೇಲೆ ಬರೆದಿಟ್ಟುಕೊಂಡು, ಹತ್ತುವವರ ಮುಖ ನೋಡಿ ಅಂದಾಜು ಮಾಡಿ, ತಕರಾರಾದರೆ ತೀರ್ಮಾನ ಹೇಳಬೇಕಿತ್ತು. ಅದು ಯಾರ ದಿನವೋ ಅವರಿಗೆ ಹಕ್ಕು, ದಿನ ತಪ್ಪಿ ಹತ್ತಿದವರು ಇಳಿಯಬೇಕು. ನಾನು ಅದರಲ್ಲಿ ಬಹಳ ಕಟ್ಟುನಿಟ್ಟು. ಒಂದು ಸಲ ಕಂಪನಿಯ ಸಾಹೇಬರನ್ನೇ ಇಳಿಸಿದ್ದೆ. ಜುಂಜಣ್ಣ ಯಾರ ಮುಲಾಜಿಗೂ ಬೀಳುವವನಲ್ಲ ಎಂದು ಜನ ಹೇಳುವಾಗ ಕಿವಿ ತಂಪಾಗುತ್ತಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಗಾಡಿಯ ಡ್ರೈವರು ನನ್ನ ಭಾವ ಪಾತಲಿಂಗಪ್ಪ, ನನ್ನ ಅಕ್ಕ ಗಂಗಮ್ಮನ ಗಂಡ. ಅಪ್ಪ ಅಮ್ಮ ಒಂದೇ ವರ್ಷದಲ್ಲಿ ಹೋದಾಗ ನನಗೆ ಒಂಬತ್ತು ವಯಸ್ಸು. ಸಾಕಿದವರು ಅಕ್ಕ ಭಾವ. ಬೆಂಕಿಗೆ ಸೌದೆ ಹಾಕುವ ಕೆಲಸದಲ್ಲಿದ್ದ ಭಾವ ಡ್ರೈವರಾದರು, ಕಂಪನಿಯವರ ಕೈಕಾಲು ಹಿಡಿದು ನನ್ನನ್ನು ಗಾರ್ಡ್ ಮಾಡಿಸಿದರು. ಅವರಿಗೆ ಮಕ್ಕಳಿರಲಿಲ್ಲ. ನಾನು ಮದುವೆಯಾಗಲಿಲ್ಲ. ಮುಂದೆ ಎಂಜಿನ್ನಿನಲ್ಲಿ ಅವರು, ಹಿಂದಿನ ಡಬ್ಬಿಯಲ್ಲಿ ನಾನು. ಮಧ್ಯಾಹ್ನ ಅಕ್ಕ ಕಟ್ಟಿಕೊಟ್ಟ ಒಂದೇ ಬುತ್ತಿಯನ್ನು ಇಬ್ಬರೂ ಹಂಚಿಕೊಂಡು ಉಣ್ಣುತ್ತಿದ್ದೆವು. ಊರಿನವರು ನಮ್ಮನ್ನು ಮೂಗುದಾರ ಬಾಲ ಅಂತ ಗೇಲಿ ಮಾಡುತ್ತಿದ್ದರು.

ಅಕ್ಕ ಸೋಮವಾರದವಳು. ಪಕ್ಕದ ಮನೆಯ ಸಿದ್ದಮ್ಮ ಮಂಗಳವಾರದವರು. ಒಂಬತ್ತು ವರ್ಷದ ಹಿಂದೆ ನಮ್ಮ ಬಚ್ಚಲ ನೀರು ಹರಿದು ಅವರ ಸೌದೆಯೊಟ್ಟು ನೆನೆಯಿತು ಅನ್ನುವುದೇ ಜಗಳದ ಮೂಲ. ಒಂದು ಗುರುವಾರ ಬೆಳಿಗ್ಗೆ ಅಕ್ಕನಿಗೆ ಹೊಟ್ಟೆನೋವು ಶುರುವಾಯಿತು. ನಮ್ಮ ಊರಿನಲ್ಲಿ ಆಸ್ಪತ್ರೆಯಿಲ್ಲ. ದೊಡ್ಡ ರೈಲು ನಿಲ್ಲುವ ಊರಿನಲ್ಲಿ, ಅಂದರೆ ನಮ್ಮ ಹಳಿಯ ಆಚೆ ತುದಿಯಲ್ಲಿತ್ತು. ದಿನ ಅಕ್ಕನದಲ್ಲದಿದ್ದರೂ ಭಾವ ಅವಳನ್ನು ಕೈಹಿಡಿದು ತಂದು ಮೊದಲನೆಯ ಡಬ್ಬಿಯಲ್ಲಿ ಕೂರಿಸಿ, ‘ಸ್ವಲ್ಪ ತಡ್ಕೊ ಗಂಗಿ, ಎರಡು ಗಂಟೆ’ ಎಂದು ಹೇಳಿ ಎಂಜಿನ್ನಿಗೆ ಹೋದರು. ಗಾಡಿ ಅಲುಗಲಿಲ್ಲ. ನಾನು ಹೋಗಿ ನೋಡಿದರೆ ಅದೇ ಡಬ್ಬಿಯ ಆ ಮೂಲೆಯಲ್ಲಿ ಸಿದ್ದಮ್ಮ ಕೂತಿದ್ದಾರೆ. ಅವರ ಮಗಳು ಅದೇ ಆಸ್ಪತ್ರೆಯಲ್ಲಿ ಹೆರಿಗೆಗೆ ಮಲಗಿದ್ದಳು. ಮಡಿಲಲ್ಲಿ ಹಳೇ ಸೀರೆ ಹರಿದು ಮಾಡಿದ ಕೂಸಿನ ಬಟ್ಟೆ ಇತ್ತು.

ನಾನು ಜೇಬಿನಿಂದ ಎಲೆ ಅಡಿಕೆ ತೆಗೆದೆ. ಗಾರ್ಡಿನ ಜೇಬಿನಲ್ಲಿ ಅದು ಯಾವಾಗಲೂ ಇರಬೇಕಿತ್ತು. ಸಿದ್ದಮ್ಮ ನನ್ನ ಮುಖ ನೋಡಿಕೊಂಡು, ‘ಜುಂಜಣ್ಣ, ಹುಷಾರಿಲ್ಲದೋರ ಜೊತೆ ನಂಗೇನು ಹಟ? ನಾನು ಎಲೆ ಹಿಡಿತೀನಿ. ನೀರು ಬಿಟ್ಟಿದ್ದು ತಪ್ಪು ಅಂತ ಅವ್ರು ಒಂದು ಮಾತು ಅನ್ಲಿ, ನಾನೂ ಅಂತೀನಿ’ ಅಂದರು. ಅಕ್ಕ ಹೊಟ್ಟೆ ಹಿಡಿದುಕೊಂಡೇ ನಕ್ಕಳು. ‘ನೀರು ತಗ್ಗಿಗೆ ಹರೀದೆ ದಿಣ್ಣೆಗೆ ಹರೀತದಾ ಅಂತ ಕೇಳೋ. ಮಾಡದೆ ಇರೋ ತಪ್ಪಿಗೆ ನಾನ್ಯಾಕೆ ತಪ್ಪಾಯ್ತು ಅನ್ಲಿ?’ ಮೂರು ಸಲ ಕೇಳಿದೆ, ಮೂರು ಸಲವೂ ಇದೇ ಉತ್ತರ. ಸಿದ್ದಮ್ಮ ಅರ್ಧ ಎದ್ದು ನಿಂತು, ‘ನಾನೇ ಇಳೀಲಾ ಜುಂಜಣ್ಣ?’ ಅಂದರು. ಡಬ್ಬಿಯ ತುಂಬ ಜನ ನನ್ನನ್ನೇ ನೋಡುತ್ತಿದ್ದರು. ‘ಕೂತ್ಕೊಳ್ಳಿ ಸಿದ್ದಮ್ಮ, ಇವತ್ತು ನಿಮ್ಮ ದಿನ’ ಅಂದೆ.

ಅಕ್ಕ ಬೇಜಾರು ಮಾಡಿಕೊಳ್ಳಲಿಲ್ಲ. ‘ನಾಳೆ ನನ್ ದಿನ, ನಾಳೆ ಹೋಗ್ತೀನಿ ಬಿಡು. ಜೀರಿಗೆ ಕಷಾಯ ಕುಡಿದ್ರೆ ಇಳೀತದೆ’ ಅಂದಳು. ನಾನೇ ಕೈಹಿಡಿದು ಇಳಿಸಿದೆ. ಸೌದೆ ಇಳಿಸಲು ಬಂದಿದ್ದ ಹೆಂಗಸರ ಜೊತೆ ಮನೆಗೆ ಕಳಿಸಿದೆ. ಹಿಂದಿನ ಡಬ್ಬಿಗೆ ಹೋಗಿ ಹಸಿರು ಬಾವುಟ ತೋರಿಸಿದೆ. ಗಾಡಿ ಹೊರಟಿತು. ಯಾರೋ ಇಳಿದರು ಅಂತ ಭಾವನಿಗೆ ಗೊತ್ತಾಯಿತು, ಇಳಿದವರು ಅಕ್ಕನ ಜೊತೆ ಮಾತು ಬಿಟ್ಟ ಯಾರೋ ಅಂದುಕೊಂಡರು. ಯಾಕೆ ಅಂದುಕೊಳ್ಳಬಾರದು? ಗಾರ್ಡು ಹೆಂಡತಿಯ ತಮ್ಮ.

ಆ ತುದಿಯಲ್ಲಿ ಗಾಡಿ ನಿಂತ ಕೂಡಲೇ ಭಾವ ಎಂಜಿನ್ನಿನಿಂದ ಧುಮುಕಿ, ಸ್ಟೇಷನ್ನಿನಲ್ಲೇ ಇರುತ್ತಿದ್ದ ಆಸ್ಪತ್ರೆಯ ಇಬ್ಬರು ಆಳುಗಳನ್ನು ಕುರ್ಚಿ ಸಮೇತ ಕರೆದುಕೊಂಡು ಬಂದರು. ಡಬ್ಬಿಯ ಬಾಗಿಲಲ್ಲಿ ಸಿದ್ದಮ್ಮ ಇಳಿದರು, ಆಮೇಲೆ ಬೇರೆಯವರು ಇಳಿದರು, ಆಮೇಲೆ ಯಾರೂ ಇಳಿಯಲಿಲ್ಲ. ‘ಗಂಗಿ ಎಲ್ಲೋ?’ ಅಂದರು. ‘ನಾಳೆ ಬರ್ತಾಳಂತೆ ಭಾವ’ ಅಂದೆ.  ಭಾವ ವಾಪಸು ಬರುವ ಜನಕ್ಕೂ ಕಾಯದೆ ಗಾಡಿ ತಿರುಗಿಸಿ, ಆ ಹಳಿಯ ಮೇಲೆ ಯಾರೂ ಓಡಿಸದ ವೇಗದಲ್ಲಿ ಊರಿಗೆ ತಂದರು. ನಾವು ಮುಟ್ಟುವ ಹೊತ್ತಿಗೆ ಮನೆಯ ಮುಂದೆ ಜನ ಸೇರಿದ್ದರು. ಹೊಟ್ಟೆಯೊಳಗೆ ಏನೋ ಒಡೆದಿತ್ತಂತೆ. ಸಿದ್ದಮ್ಮನ ಮಗಳಿಗೆ ಅವತ್ತೇ ಹೆಣ್ಣು ಕೂಸು ಹುಟ್ಟಿತು.

ಭಾವ ಮಾತು ಬಿಟ್ಟರು. ಹನ್ನೊಂದು ದಿನದ ಕಾರ್ಯಗಳಲ್ಲಿ ನಾವಿಬ್ಬರೂ ಪಕ್ಕಪಕ್ಕ ಕೂತಿದ್ದೆವು, ಪುರೋಹಿತರ ಮೂಲಕ ಎಳ್ಳು ನೀರು ಕೇಳಿದರು. ಅವತ್ತು ರಾತ್ರಿ ನಾನು ಮನೆ ಬಿಟ್ಟು ಸ್ಟೇಷನ್ನಿನ ಕೋಣೆ ಸೇರಿದೆ. ಹನ್ನೆರಡನೆಯ ದಿನ ಕೆಲಸಕ್ಕೆ ಬಂದೆವು. ಅವರು ಎಂಜಿನ್ ಹತ್ತಿದರು, ನಾನು ಬಾವುಟ ತೋರಿಸಿದೆ, ಗಾಲಿ ತಿರುಗಲಿಲ್ಲ. ಎಷ್ಟೋ ಜೋಡಿಗಳ ಹೆಸರು ಬರೆದಿದ್ದ ಸ್ಲೇಟಿನ ಮೇಲೆ ಅವತ್ತು ನಮ್ಮಿಬ್ಬರ ಹೆಸರನ್ನು ನಾನೇ ಬರೆದೆ.

ಐದು ದಿನ ಹಾಗೇ ಆಯಿತು. ಇನ್ನೊಬ್ಬ ಡ್ರೈವರನ್ನೂ ಇನ್ನೊಬ್ಬ ಗಾರ್ಡನ್ನೂ ಕಂಪನಿ ಹಿಂದಿನ ವರ್ಷವೇ ಮನೆಗೆ ಕಳಿಸಿತ್ತು. ಲಾರಿಗಳು ಬಂದ ಮೇಲೆ ಅವರಿಗೆ ಈ ಹಳಿ ಬೇಡದ ಕೂಸಾಗಿತ್ತು, ನೆಪ ಕಾಯುತ್ತಿದ್ದರು. ನಾನು ಕೆಲಸ ಬಿಡುತ್ತೇನೆ, ಬೇರೆಯವರನ್ನು ಹಾಕಿ ಎಂದು ಬರೆದುಕೊಟ್ಟೆ. ಬೇರೆಯವರನ್ನು ಹುಡುಕುವ ಬದಲು ಹಳಿ ಕೀಳುವುದೇ ಹಗುರ ಅಂತ ಉತ್ತರ ಬಂತು. ಬರುವ ಸೋಮವಾರ ಅಧಿಕಾರಿ ಖುದ್ದಾಗಿ ಬರುತ್ತಾರೆ, ಅವತ್ತೂ ಗಾಡಿ ಹೊರಡದಿದ್ದರೆ ಅದೇ ಕೊನೆ.

ಊರಿನವರು ಹೆದರಿದರು. ಲಾರಿ ಸಂತೆಯ ಸಾಮಾನು ಹೊರುತ್ತದೆ, ಬಸುರಿಯನ್ನು ಹೊರುತ್ತದೆಯೇ? ಎರಡೂ ದಿನದ ಹಿರಿಯರು ಭಾವನ ಮನೆಗೆ ಹೋದರು. ಅವರು ಜಗಲಿಯ ಕಂಬಕ್ಕೆ ಹೇಳಿದರಂತೆ: ‘ತಪ್ಪಾಯ್ತು ಅಂದ್ರೆ ಅವಳು ಎದ್ದು ಬರ್ತಾಳಾ?’ ನನ್ನ ಹತ್ತಿರ ಬಂದವರಿಗೆ ನಾನು ಒಂದೇ ಮಾತು ಹೇಳಿದೆ, ‘ನಾನು ನಿಯಮದ ಪ್ರಕಾರ ಮಾಡಿದೀನಿ.’ ಹೇಳುವಾಗ ಗಟ್ಟಿಯಾಗಿಯೇ ಹೇಳಿದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಅಕ್ಕ ಹೋಗಿದ್ದಳು. ಉಳಿದಿದ್ದು ಭಾವ ಮತ್ತು ಈ ಗಾಡಿ. ಗಾಡಿ ನಿಂತರೆ ಭಾವನ ಮುಖ ನೋಡಲು ನನಗೆ ಬೇರೆ ಜಾಗವೇ ಇರಲಿಲ್ಲ. ನಿಯಮ ಇರಲಿ ಬಿಡಲಿ, ಎಲೆ ಅಡಿಕೆ ಹಿಡಿಯುತ್ತೇನೆ ಎಂದು ಭಾನುವಾರ ಹೇಳಿ ಕಳಿಸಿದೆ.

ಸೋಮವಾರ ಸ್ಟೇಷನ್ನಿನಲ್ಲಿ ಎರಡೂ ದಿನದವರು ಸೇರಿದ್ದರು. ಅಧಿಕಾರಿ ಗಡಿಯಾರ ಹಿಡಿದು ನಿಂತಿದ್ದರು. ಗಾಡಿ ಹಗುರವಿರಲಿ ಅಂತ ಹಿರಿಯರು ಆಯ್ದು ಹತ್ತು ಜನರನ್ನು ಹತ್ತಿಸಿದ್ದರು, ಮೊಮ್ಮಗಳನ್ನು ನೋಡಲು ಹೊರಟ ಸಿದ್ದಮ್ಮ ಅವರಲ್ಲೊಬ್ಬರು. ಬೆಂಕಿಯ ಖಾಸಿಂ ಸಾಬರು ಸೌದೆ ತುಂಬಿ ಆವಿ ಏರಿಸಿದ್ದರು. ಭಾವ ಆವಿ ಬಿಡುವ ಹಿಡಿಯನ್ನು ಪೂರ್ತಿ ಎಳೆದು, ಅದರ ಮೇಲೆ ಕೈಯಿಟ್ಟು ನಿಂತಿದ್ದರು. ಎಂಜಿನ್ನು ನಡುಗುತ್ತಿತ್ತು, ಗಾಲಿ ಸುಮ್ಮನಿತ್ತು. ನಾನು ತಟ್ಟೆ ಹಿಡಿದು ಎಂಜಿನ್ನಿನ ಮೆಟ್ಟಿಲು ಹತ್ತಿ, ಹಿರಿಯರು ಹೇಳಿಕೊಟ್ಟ ಹಾಗೆ, ‘ತಪ್ಪಾಯ್ತು ಭಾವ’ ಅಂದೆ. ನನ್ನ ಕಿವಿಗೇ ಅದು ಟಿಕೆಟ್ಟಿನ ಮೇಲಿನ ಅಕ್ಷರ ಓದಿದ ಹಾಗೆ ಕೇಳಿಸಿತು.

ಭಾವ ತಟ್ಟೆ ನೋಡಲಿಲ್ಲ. ‘ಸಾಬ್ರೇ, ಇಳಿದು ಹೋಗು ಅಂತ ಅವನಿಗೆ ಹೇಳಿ’ ಅಂದರು. ಖಾಸಿಂ ಸಾಬರು ನನ್ನನ್ನು ನೋಡಿ, ಇನ್ನೊಂದು ಸೌದೆ ಬೆಂಕಿಗೆ ಹಾಕಿದರು. ಅಧಿಕಾರಿ ಗಡಿಯಾರ ಜೇಬಿಗೆ ಹಾಕಿಕೊಂಡು ಪೆನ್ನು ತೆಗೆದರು. ಪ್ಲಾಟ್‌ಫಾರಂ ಮೇಲೆ ಯಾರೋ ಹೆಂಗಸು ಮೂಗು ಸೀನಿಕೊಂಡಳು. ನಾನು ತಟ್ಟೆ ಹಿಡಿದುಕೊಂಡು ಇಳಿಯಲು ಒಂದು ಕಾಲು ಕೆಳಗಿಟ್ಟೆ.

‘ಯಾಕೋ ಬಾವುಟ ತೋರಿಸ್ದೆ?’

ಭಾವ ನನ್ನ ಮುಖ ನೋಡಿ ಕೇಳುತ್ತಿದ್ದರು. ಕಣ್ಣು ಕೆಂಡವಾಗಿತ್ತು. ‘ಅವಳು ಒಳಗಿಲ್ಲ ಅಂತ ನಿಂಗೆ ಗೊತ್ತಿತ್ತು. ಯಾಕೋ ತೋರಿಸ್ದೆ, ದರಿದ್ರ ನನ್ಮಗನೇ?’

‘ನಿಯಮ ಭಾವ’ ಅಂದೆ, ಅಷ್ಟೇ ನನಗೆ ಬಂದದ್ದು. ಮಾತು ಮುಗಿಯುವ ಮೊದಲೇ ಗಾಡಿ ಎಳೆದುಕೊಂಡು ಹೊರಟಿತು. ತಟ್ಟೆ ಕೈತಪ್ಪಿ ಎಲೆ ಅಡಿಕೆ ಹಳಿಗೆ ಚೆಲ್ಲಿತು. ಪ್ಲಾಟ್‌ಫಾರಂ ಮೇಲೆ ಜನ ಕೂಗಿದರು, ಸಿಳ್ಳೆ ಹಾಕಿದರು. ರಾಜಿಯಾಯಿತು ಅಂದುಕೊಂಡರು. ರಾಜಿ ಎಲ್ಲಿ ಬಂತು? ಅವರು ಎಲೆ ಮುಟ್ಟಿರಲಿಲ್ಲ, ನಾನು ಮನಸ್ಸಿನಿಂದ ತಪ್ಪಾಯ್ತು ಅಂದಿರಲಿಲ್ಲ. ಒಬ್ಬರು ಬಯ್ದರು, ಇನ್ನೊಬ್ಬನು ಉತ್ತರ ಕೊಟ್ಟ. ಅಷ್ಟಕ್ಕೇ ಗಾಡಿ ಓಡುತ್ತಿತ್ತು. ಅದು ನಮ್ಮಿಬ್ಬರಿಗೂ ಒಟ್ಟಿಗೇ ಹೊಳೆಯಿತು. ಭಾವ ಹಿಡಿಯನ್ನು ಒತ್ತಿ, ಬ್ರೇಕು ಹಾಕಿ, ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ಗಾಡಿ ಸ್ಟೇಷನ್ನಿನಿಂದ ನೂರು ಮಾರು ದೂರ ಬಂದು ನಿಂತಿತ್ತು.

ನಮ್ಮ ಮಾತು ಮೊದಲನೆಯ ಡಬ್ಬಿಗೂ ಕೇಳಿಸಿತ್ತು. ಸಿದ್ದಮ್ಮ ಇಳಿದು ಜಲ್ಲಿಕಲ್ಲಿನ ಮೇಲೆ ನಡೆದು ಬಂದರು. ಎಂಜಿನ್ನಿನ ಕಂಬಿ ಹಿಡಿದುಕೊಂಡು, ‘ಬಯ್ದಿದ್ರೆ ಸಾಕಾಗಿತ್ತಾ ಜುಂಜಣ್ಣ?’ ಅಂತ ಕೇಳಿದರು.  ‘ಅವತ್ತು ನನ್ ಬಾಯ್ತುಂಬ ಬಯ್ಗುಳ ಇತ್ತು. ಒಂಬತ್ತು ವರ್ಷದ್ದು. ಹುಷಾರಿಲ್ಲದೋಳು, ಬೇಡ ಅಂತ ನುಂಗ್ಕೊಂಡು ಕೂತಿದ್ದೆ’ ಅಂದರು. ಆಮೇಲೆ ಸೆರಗು ಬಾಯಿಗೆ ತುರುಕಿಕೊಂಡು ಅಲ್ಲೇ ನಿಂತು ಅತ್ತರು. ಭಾವ ಅವರನ್ನು ಕೂರಲು ಹೇಳಿ, ಮುಖ ಒರೆಸಿಕೊಂಡು ಗಾಡಿ ಹೊರಡಿಸಿದರು.

ಹಳಿ ಉಳಿಯಿತು. ಆಮೇಲೆ ಊರಿನಲ್ಲಿ ಆದದ್ದು ನಗುವ ವಿಷಯ. ಮೂವತ್ತೆಂಟು ವರ್ಷ ಎಲೆ ಅಡಿಕೆ ಹಿಡಿದುಕೊಂಡು ಒದ್ದಾಡಿದ ಜನಕ್ಕೆ ಬಯ್ದರೆ ಸಾಕು ಅಂತ ತಿಳಿದದ್ದೇ ತಡ, ಬೆಳಗಿನ ಸ್ಟೇಷನ್ನು ಬಯ್ಗುಳದ ಸಂತೆಯಾಯಿತು. ಬೇಗ ಎದ್ದು ಬಂದು, ಸಾಲಾಗಿ ನಿಂತು, ಒಬ್ಬರಿಗೊಬ್ಬರು ಮುಖ ಕೊಟ್ಟು ಬಯ್ದುಕೊಂಡು ಹತ್ತುತ್ತಿದ್ದರು. ಎರಡನೆಯ ಗಂಟೆ ಬಾರಿಸುವುದರೊಳಗೆ ಬಯ್ದು ಮುಗಿಸತಕ್ಕದ್ದು ಎಂದು ಕಂಪನಿ ಹೊಸ ತಗಡು ಹೊಡೆಸಿತು. ಸೋಮವಾರದವರು, ಮಂಗಳವಾರದವರು ಅನ್ನುವುದು ಎರಡು ವರ್ಷದಲ್ಲಿ ಅಳಿಸಿಹೋಯಿತು. ಕೋಳಿಗಳು ಬದುಕಿಕೊಂಡವು.

ಭಾವನದು ಮಾತ್ರ ಹಾಗೇ ಇತ್ತು. ಒಂದು ಸಲ ಆಡಿದ ಮಾತು ಒಂದು ದಿನದ ಓಟಕ್ಕೆ ಸಾಕಾಗುತ್ತಿತ್ತು, ಮಾರನೆಯ ಬೆಳಿಗ್ಗೆ ನಾವು ಮತ್ತೆ ಮಾತು ಬಿಟ್ಟವರೇ. ಹಾಗಾಗಿ ದಿನವೂ ಹೊರಡುವ ಮೊದಲು ನಾನು ಎಂಜಿನ್ನಿನ ಪಕ್ಕ ಹೋಗಿ ನಿಲ್ಲುತ್ತಿದ್ದೆ. ಅವರು ಕೇಳುತ್ತಿದ್ದರು, ‘ಯಾಕೋ ಬಾವುಟ ತೋರಿಸ್ದೆ?’ ಬೇರೆ ಯಾವ ಮಾತೂ ಇಲ್ಲ. ನಾನು ಉತ್ತರ ಹೇಳುತ್ತಿದ್ದೆ. ಗಾಡಿ ಹೊರಡುತ್ತಿತ್ತು. ಮೊದಲ ವರ್ಷವೆಲ್ಲ ‘ನಿಯಮ ಭಾವ’ ಅಂದೆ. ಆಮೇಲೆ ‘ನಾಳೆ ಹೋಗ್ತೀನಿ ಅಂತ ಅವಳೇ ಅಂದ್ಲು’ ಅಂದೆ. ‘ಅಷ್ಟು ಜೋರಿದೆ ಅಂತ ಗೊತ್ತಾಗ್ಲಿಲ್ಲ’ ಅಂದೆ. ಇವು ಯಾವುವೂ ಸುಳ್ಳಲ್ಲ. ಆದರೂ ಮಾರನೆಯ ದಿನ ಅವರು ಮತ್ತೆ ಅದನ್ನೇ ಕೇಳುತ್ತಿದ್ದರು. ಖಾಸಿಂ ಸಾಬರು ಆ ಹೊತ್ತಿಗೆ ಎಣ್ಣೆ ಹಾಕುವ ನೆಪ ಮಾಡಿಕೊಂಡು ಆ ಕಡೆಗೆ ಇಳಿಯುತ್ತಿದ್ದರು.

ನಾಲ್ಕನೆಯ ವರ್ಷ, ಕಾರ್ತಿಕದಲ್ಲಿ ಒಂದು ಬುಧವಾರ, ಅವರು ಕೇಳಿದಾಗ ನನಗೆ ಹಳೆಯ ಉತ್ತರ ಯಾವುದೂ ಬಾಯಿಗೆ ಬರಲಿಲ್ಲ.  ‘ಸಿದ್ದಮ್ಮ ಇಳೀತೀನಿ ಅಂದ್ರು ಭಾವ. ನಾನೇ ಬೇಡ ಅಂದೆ. ಎಲ್ರೂ ನೋಡ್ತಿದ್ರು. ಸ್ವಂತ ಅಕ್ಕ ಅಂತ ಮಂಗಳವಾರದೋರನ್ನ ಇಳಿಸ್ದ ಅಂತ ಜನ ಆಡ್ಕೋತಾರೆ ಅನ್ನಿಸ್ತು. ಮುಲಾಜಿಲ್ಲದೋನು ಅನ್ನೋ ಹೆಸರು ಹೋಗ್ತದೆ ಅನ್ನಿಸ್ತು. ಅದಕ್ಕೇ ತೋರಿಸ್ದೆ. ನನ್ನ ಹೆಸರಿಗೋಸ್ಕರ ತೋರಿಸ್ದೆ’ ಅಂದೆ.

ಭಾವ ಹಿಡಿಯಿಂದ ಕೈ ತೆಗೆದರು. ಹೊಡೆಯುತ್ತಾರೆ ಅಂದುಕೊಂಡೆ, ಹೊಡೆಯಲಿ ಅಂತಲೂ ಅಂದುಕೊಂಡೆ. ಹೊಡೆಯಲಿಲ್ಲ. ಹಿಡಿ ಎಳೆದರು, ನಾನು ಓಡಿ ಹೋಗಿ ಹಿಂದಿನ ಡಬ್ಬಿ ಹತ್ತಿದೆ. ಅವತ್ತು ಗಾಡಿ ಎರಡೂ ಕಡೆ ಸರಿಯಾದ ಹೊತ್ತಿಗೆ ಮುಟ್ಟಿತು.

ಮಾರನೆಯ ಬೆಳಿಗ್ಗೆ ನಾನು ಎಂದಿನ ಹಾಗೆ ಹೋಗಿ ನಿಂತೆ. ಅವರು ಕೈ ಒರೆಸಿಕೊಳ್ಳುತ್ತ ಹಳಿಯ ಕಡೆ ನೋಡಿದರು. ಖಾಸಿಂ ಸಾಬರು ಎಣ್ಣೆ ಡಬ್ಬಿ ಹಿಡಿದು ಆ ಕಡೆಗೆ ಇಳಿದಾಗಿತ್ತು.

‘ಬುತ್ತಿ ತಂದಿದೀಯೇನೋ?’ ಅಂದರು ಭಾವ.

ತಂದಿದ್ದೆ. ಹೆಗಲ ಚೀಲದಲ್ಲಿ ಇನ್ನೂ ಬಿಸಿಯಾಗಿತ್ತು.

‘ಇಲ್ಲ ಭಾವ’ ಅಂದೆ.